ಡಿಯೊಲಿಂಡಾಳ ತೊಳೆಯದ ಕತ್ತಿ

"ನನ್ನ ಸುರುಳಿ ಸುಗಂಧಿಗೆ ಸಾವಿಲ್ಲ. ಯಾರಿಗಾದ್ರೂ ಅನುಮಾನ ಇದ್ರೆ ಸಾಯಿಸಿ ತೋರ್ಸಿ, ನೋಡೋಣ."

ದ್ವೀಪದ ನಮ್ಮ ಸಕ್ಕರೆ ಗಿರಣಿಯ ಕೂಲಿ ಕ್ಯಾಂಪಿನಲ್ಲಿ ಡಿಯೊಲಿಂಡಾಳ ಈ ಮಾತು ಕೇಳದವರು ಯಾರೂ ಇರಲಿಲ್ಲ. ಮುದುಕ ಸಾಂತೋಸನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ, ಅವನಿಗೆ ಅವಳು ಕೈಸನ್ನೆಯಲ್ಲಿ ಹೇಳಿ ಮುಗಿಸಿದ್ದಳು. ಮಾತಿನ ಜೊತೆಗೆ ಸಾಕ್ಷಿಯೂ ಇರುತ್ತಿತ್ತು. ಒಮ್ಮೆ ಅವಳ ಗಂಡ ಸೊಲೊಮೊನ ಟ್ರಕ್ಕಿನಲ್ಲಿ ಆ ಹೂವಿನ ಗಡ್ಡೆ ತುಂಬಿಕೊಂಡು ಹೀಲೊ ಪಟ್ಟಣಕ್ಕೆ ಹೋಗುವಾಗ ಸೇತುವೆಯ ಹತ್ತಿರ ಹೆಬ್ಬೆರಳಿನಷ್ಟು ಚೂರು ಕೆಳಗೆ ಬಿತ್ತಂತೆ. ಸಂಜೆ ಅವನು ವಾಪಸು ಬರುವಾಗ ಅಲ್ಲಿ ಆಳೆತ್ತರದ ಮೆಳೆ ಎದ್ದು, ಹೂ ಬಿಟ್ಟು, ಅದರ ಕೆಳಗೆ ಯಾರದೋ ಮದುವೆ ನಡೆಯುತ್ತಿತ್ತಂತೆ. ಇನ್ನೊಮ್ಮೆ ಸಕ್ಕರೆ ತುಂಬಿದ ಹಡಗಿನ ಕಪ್ತಾನ ಆ ಪರಿಮಳದ ಹಿಂದೆ ಬಿದ್ದು, ದಿಕ್ಸೂಚಿ ಬಿಟ್ಟು ಮೂಗನ್ನೇ ನಂಬಿ ಹಡಗು ನಡೆಸಿ, ಅವಳ ಬಚ್ಚಲಿನ ನೇರಕ್ಕೆ ಬಂದು ಲಂಗರು ಹಾಕಿದನಂತೆ. ಅವಳ ಮೇಕೆ ಗಡ್ಡೆ ತಿಂದು, ಹಾಲೆಲ್ಲ ಘಮ್ಮೆಂದು, ಆ ಹಾಲಿನ ಚಹಾ ಕುಡಿದ ಪಾದ್ರಿ ಜೀವಮಾನದಲ್ಲಿ ಮೊದಲ ಸಲ ಪ್ರವಚನವನ್ನು ಬೇಗ ಮುಗಿಸಿದನಂತೆ.

ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎನ್ನುವುದು ಡಿಯೊಲಿಂಡಾಗೂ ಗೊತ್ತಿರಲಿಲ್ಲ.

ಗಡ್ಡೆ ಮಾತ್ರ ನಿಜ. ಅವಳ ಬಚ್ಚಲ ಹಿಂದೆ, ನೀರು ಹರಿದು ಹೋಗುವ ಕಡೆ, ಆ ಬಿಳಿ ಸುರುಳಿ ಸುಗಂಧಿ ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಅದು ಅವಳ ಅತ್ತೆಯದು. ಸೊಲೊಮೊನನ ತಾಯಿಯನ್ನು ಮನೆಯವರು, ಹೊರಗಿನವರು, ಕೊನೆಗೆ ಗಿರಣಿಯ ಸಾಹೇಬರೂ ಟೂಟು ಮಲಿಯಾ ಎಂದೇ ಕರೆಯುತ್ತಿದ್ದರು, ಮಲಿಯಾ ಅಜ್ಜಿ ಅಂತ. ವೈಪಿಯೊ ಕಣಿವೆಯವಳು. ಮದುವೆಯಾಗಿ ಬರುವಾಗ ಆ ಗಡ್ಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಹೊಳೆ ದಾಟಿದ್ದಳು. ಅವಳ ನೋಟಕ್ಕೆ ಗಿರಣಿಯ ಉಗಿಯಂತ್ರ ಕೂಡ ಒಂದು ಕ್ಷಣ ಉಸಿರು ಹಿಡಿಯುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಅಂಥ ಮನೆಗೆ ಡಿಯೊಲಿಂಡಾ ಪಶೆಕೊ ಎಂಬ ಪೋರ್ಚುಗೀಸ್ ಹುಡುಗಿ, ಕಬ್ಬು ಕಡಿಯುವವನ ಮಗಳು, ಬಾಯಿ ಮುಚ್ಚಲು ಬಾರದವಳು, ಸೊಸೆಯಾಗಿ ಬಂದಳು. ಅತ್ತೆ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಬಚ್ಚಲ ಹಿಂದಿನಿಂದ ಒಂದು ಗಡ್ಡೆ ಕಿತ್ತು ಕೈಗೆ ಕೊಟ್ಟಳು.

"ಇದು ನಿನ್ನ ಕೈಲಿ ಹೂ ಬಿಟ್ರೆ ನೀನು ನಮ್ಮವಳು. ಇಲ್ದಿದ್ರೆ ನಿಮ್ಮಪ್ಪನ ಮನೆಯ ರೊಟ್ಟಿ ಸುಡೋ ಗೂಡು ಇನ್ನೂ ಬೆಚ್ಚಗೇ ಇರುತ್ತೆ, ಹೊರಡು."

ಸೆಪ್ಟೆಂಬರಿನಲ್ಲಿ ಹೂ ಬಿಟ್ಟಿತು. ಟೂಟು ಮಲಿಯಾ ಮೊಗ್ಗು ಬಿಡಿಸಿ, ಹಾರ ಪೋಣಿಸಿ, ಸೊಸೆಯ ಕೊರಳಿಗೆ ಹಾಕಿ "ಹ್ಞೂಂ" ಎಂದಳು. ಆ ಮನೆಯಲ್ಲಿ ಅದಕ್ಕಿಂತ ಉದ್ದದ ಹೊಗಳಿಕೆ ಯಾರಿಗೂ ಸಿಕ್ಕಿರಲಿಲ್ಲ. ವರ್ಷಗಳ ನಂತರ ಸಾಯುವಾಗಲೂ ಅವಳು ಸೊಸೆಯ ಕೈ ಹಿಡಿದು "ಗಡ್ಡೆ ನೋಡ್ಕೋ" ಎಂದಳೇ ಹೊರತು, ಪಕ್ಕದಲ್ಲೇ ಅಳುತ್ತ ನಿಂತಿದ್ದ ಮಗನ ಹೆಸರೆತ್ತಲಿಲ್ಲ. ಡಿಯೊಲಿಂಡಾ ಎರಡನ್ನೂ ನೋಡಿಕೊಂಡಳು. ಸೊಲೊಮೊನ ಎದೆನೋವಿನಿಂದ ತೀರಿಕೊಂಡ. ಗಡ್ಡೆ ಉಳಿಯಿತು. ಅವಳು ಆ ಮನೆಯವಳು ಎನ್ನುವುದಕ್ಕೆ ಈಗ ಉಳಿದಿದ್ದ ಗುರುತು ಅದೊಂದೇ.

ಆ ಗುರುತನ್ನು ಒಪ್ಪದವಳು ಸೊಲೊಮೊನನ ತಂಗಿ ಕಾಪುವಾ. ಕ್ಯಾಂಪಿನ ತುದಿ ಮನೆ ಅವಳದು. ಅವಳ ಹಿತ್ತಿಲಲ್ಲಿ ಅವಳದೇ ಮೆಳೆ ಇತ್ತು, ತಾಯಿ ನೇರವಾಗಿ ಮಗಳ ಕೈಗೆ ಕೊಟ್ಟದ್ದು. "ನಿಂದು ಪೋರ್ಚುಗೀಸ್ ಕೈ ಮುಟ್ಟಿದ್ದು, ನಂದು ಅಮ್ಮನ ಕೈದು" ಎಂದು ಅವಳು ಕ್ಯಾಂಪಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಡಿಯೊಲಿಂಡಾ ಪ್ರತಿ ವರ್ಷ ಅವಳಿಗೂ ಒಂದು ಗಡ್ಡೆ ಒಯ್ಯುತ್ತಿದ್ದಳು. ಕಾಪುವಾ ಪ್ರತಿ ವರ್ಷ ಅದನ್ನು ಜಗಲಿಯಿಂದಲೇ ವಾಪಸು ಕಳಿಸುತ್ತಿದ್ದಳು.

ಗಡ್ಡೆ ಒಡೆಯುವ ಕೆಲಸ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ. ಹಳೆಯ ದಂಟುಗಳನ್ನು ಕಡಿದು, ಮೆಳೆಯ ಸುತ್ತ ಹಾರೆ ಹಾಕಿ ಮೀಟಿ, ಹೆಣದಷ್ಟು ಭಾರದ ಆ ಗಡ್ಡೆಯ ಮುದ್ದೆಯನ್ನು ಮೇಲಕ್ಕೆ ಹೊರಳಿಸಬೇಕು. ನಡುವಿನ ಮುದಿ ಭಾಗ ಎಸೆದು, ಅಂಚಿನ ಎಳೆಯದನ್ನು ಎರಡು ಮೂರು ಮೊಳಕೆಯ ಕಣ್ಣು ಉಳಿಯುವಂತೆ ತುಂಡು ಮಾಡಬೇಕು. ನೆಡುವಾಗ ಆಳಕ್ಕೆ ಹೂಳಬಾರದು, ಗಡ್ಡೆಯ ಬೆನ್ನಿಗೆ ಬಿಸಿಲು ತಾಗಬೇಕು. ಇಷ್ಟೂ ಕೆಲಸಕ್ಕೆ ಅವಳ ಬಳಿ ಇದ್ದದ್ದು ಅಪ್ಪನ ಕಬ್ಬು ಕತ್ತಿ. ಅಗಲ ಅಲಗು, ಬೆನ್ನಿಗೆ ಕೊಕ್ಕೆ. ಅಪ್ಪ ಅದರಿಂದ ಕಡಿದ ಕಬ್ಬನ್ನು ಸಾಲಾಗಿ ಇಟ್ಟರೆ ಲಿಸ್ಬನ್ನಿನ ತನಕ ಕಾಲು ಒದ್ದೆಯಾಗದೆ ನಡೆದು ಹೋಗಬಹುದಿತ್ತು. ಆ ಕತ್ತಿಯನ್ನು ಅವಳು ಒಮ್ಮೆಯೂ ತೊಳೆದವಳಲ್ಲ. "ತೊಳೆದ್ರೆ ಕೈಗುಣ ತೊಳೆದು ಹೋಗುತ್ತೆ" ಎನ್ನುತ್ತಿದ್ದಳು. ಲಂಗಕ್ಕೆ ಒರೆಸಿ ಮೊಳೆಗೆ ನೇತುಹಾಕುವುದು, ಅಷ್ಟೇ. ಸಿಹಿ ರೊಟ್ಟಿಯ ಹಿಟ್ಟಿನ ಮೇಲೆ ಶಿಲುಬೆ ಗೀರುತ್ತಿದ್ದುದೂ ಅದರಿಂದಲೇ. ತಿಂದವರಿಗೆ ಏನೂ ಆಗಿರಲಿಲ್ಲ. ಆದವರು ಹೇಳಿರಲಿಲ್ಲ.

ಒಡೆದ ಗಡ್ಡೆಗಳನ್ನು ಒಂಟಿ ಚಕ್ರದ ಕೈಗಾಡಿಗೆ ತುಂಬಿ ಮನೆ ಮನೆಗೂ ಹೋಗುತ್ತಿದ್ದಳು. ತೆಗೆದುಕೊಂಡವರು ಧನ್ಯವಾದ ಹೇಳುವ ಹಾಗಿಲ್ಲ, ಅದು ಕ್ಯಾಂಪಿನ ಕ್ರಮ. "ನಿನ್ನದು ಹೋದ್ರೆ ನನ್ನಲ್ಲಿಗೆ ಬಾ" ಎನ್ನಬೇಕು. ಕೈಗಾಡಿ ಹೋದದ್ದಕ್ಕಿಂತ ಭಾರವಾಗಿ ವಾಪಸಾಗುತ್ತಿತ್ತು, ಉಪ್ಪಿನ ಪ್ಲಮ್ಮು, ಒಣಮೀನು, ಅವರೆ ಸಾರಿನ ಪಾತ್ರೆ, ಒಮ್ಮೆ ಒಂದು ಜೀವಂತ ಹಂದಿಮರಿ. ಹೀಗೆ ಟೂಟು ಮಲಿಯಾಳ ಗಡ್ಡೆ ಇಡೀ ಕ್ಯಾಂಪಿನ ಬೇಲಿಗಳಲ್ಲಿ ಹಂಚಿಹೋಗಿತ್ತು. "ನಂದು ಸತ್ರೂ ಊರೆಲ್ಲ ಜಮಾ ಇಟ್ಟಿದೀನಿ" ಎಂದು ಡಿಯೊಲಿಂಡಾ ಬೀಗುತ್ತಿದ್ದಳು.

ಆಮೇಲೆ ಗಿರಣಿ ಮುಚ್ಚಿತು. ಬೆಳಿಗ್ಗೆ ಏಳಿಸುತ್ತಿದ್ದ ಸೀಟಿ ನಿಂತು, ಕ್ಯಾಂಪಿನ ಹುಂಜಗಳು ಯಾವಾಗ ಕೂಗಬೇಕೆಂದು ತಿಳಿಯದೆ ಮಧ್ಯಾಹ್ನ ಕೂಗತೊಡಗಿದವು. ಕಬ್ಬಿನ ಹೊಲ ಹಾಳು ಬಿತ್ತು. ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದ ಪಕ್ಕದ ಮನೆಯ ಹರುವೊ ಟೊಕುನಾಗಾ ಒಂದು ತುಂಡು ಹೊಲ ಗೇಣಿಗೆ ಹಿಡಿದು ಅಡುಗೆ ಶುಂಠಿ ಹಾಕಲು ಹೊರಟ. ಟೊಕುನಾಗಾ ಎಷ್ಟು ಕಡಿಮೆ ಮಾತಿನವನೆಂದರೆ, ಅವನ ನಾಯಿ ಬೇಸತ್ತು ಡಿಯೊಲಿಂಡಾಳ ಮನೆಯಲ್ಲೇ ಇರುತ್ತಿತ್ತು. ಆ ಮಾರ್ಚಿನಲ್ಲಿ ಅವನು ಬೇಲಿಯ ಹತ್ತಿರ ಬಂದು ನಿಂತ.

"ಬಿತ್ತನೆ ಶುಂಠಿ ತುಂಡು ಮಾಡ್ಬೇಕು."

"ಅದಕ್ಕೆ?"

"ನಿನ್ನ ಕೈ ಬೇಗ."

"ಅಬ್ಬಾ, ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು ಬಂತು ನಿನ್ನ ಬಾಯಲ್ಲಿ. ಮುಂದಿನ ಮಾತು ನನ್ನ ಗೋರಿ ಮುಂದೆ ಆಡ್ತೀಯೇನೋ. ತಡಿ, ಕತ್ತಿ ತರ್ತೀನಿ."

ಇಡೀ ದಿನ ಅವನ ಅಂಗಳದಲ್ಲಿ ಕೂತು ಶುಂಠಿ ಕಡಿದಳು. ತುಂಡುಗಳು ಗಾಳಿಯಲ್ಲೇ ಎರಡಾಗಿ, ಬೀಳುವಾಗ ನಾಲ್ಕಾಗುತ್ತಿದ್ದವು. ಕೆಲವು ಗಡ್ಡೆಗಳ ಒಳಗೆ ತೇವದ ಕಂದು ಗೆರೆ ಇತ್ತು. ಅವನ್ನು ಪಕ್ಕಕ್ಕೆ ಎಸೆದು, ಕತ್ತಿಯನ್ನು ಲಂಗಕ್ಕೆ ಒರೆಸಿ ಮುಂದುವರಿಸಿದಳು. ಮಾರನೇ ಬೆಳಿಗ್ಗೆ, ಮೈ ಇನ್ನೂ ಕೆಲಸದ ಬಿಸಿಯಲ್ಲಿರುವಾಗಲೇ ಮುಗಿಸಿಬಿಡೋಣವೆಂದು ಬಚ್ಚಲ ಹಿಂದೆ ಹಾರೆ ಹಾಕಿದಳು. ಅದೇ ಕತ್ತಿಯಿಂದ ಅತ್ತೆಯ ಗಡ್ಡೆ ಒಡೆದಳು. ಆ ವರ್ಷ ಯಾಕೋ ಉದಾರಿಯಾಗಿ, ಯಾವ ಮನೆಯನ್ನೂ ಬಿಡದೆ ಕೈಗಾಡಿ ತಳ್ಳಿದಳು. ಕಾಪುವಾ ಎಂದಿನಂತೆ ಜಗಲಿಯಿಂದಲೇ ವಾಪಸು ಕಳಿಸಿದಳು.

ಜುಲೈ ಬಂತು. ಒಂದು ಬೆಳಿಗ್ಗೆ ಡಿಯೊಲಿಂಡಾಳ ಮೆಳೆಯ ಎಲೆಗಳು ಚುಟ್ಟಾ ಸುತ್ತಿದ ಹಾಗೆ ಉದ್ದಕ್ಕೆ ಮಡಚಿಕೊಂಡಿದ್ದವು. ನೀರು ಸಾಲದೆಂದು ನೀರು ಹಾಕಿದಳು. ನೀರು ಹೆಚ್ಚಾಯಿತೆಂದು ಚರಂಡಿ ತೋಡಿದಳು. ಟೊಕುನಾಗಾನ ನಾಯಿ ಉಚ್ಚೆ ಹೊಯ್ದಿತೆಂದು ಅದಕ್ಕೆ ಬೈದಳು, ನಾಯಿ ಮನನೊಂದು ಮೊದಲ ಬಾರಿ ತನ್ನ ಯಜಮಾನನ ಮನೆಗೆ ಹೋಯಿತು. ಎಲೆ ಹಳದಿಯಾಯಿತು.

ನಾಯಿಯ ಹಿಂದೆಯೇ ಟೊಕುನಾಗಾ ಬಂದ.

"ಡಿಯೊ, ಒಂದು ಲೋಟ ನೀರು ಕೊಡು."

"ಕುಡಿಯೋಕಾ?"

"ನೋಡೋಕೆ. ಗಾಜಿನ ಲೋಟ."

ಅವನು ಬಾಡಿದ ಒಂದು ದಂಟು ಹಿಡಿದು ಎಳೆದ. ಬೆಣ್ಣೆಯಿಂದ ಚಮಚ ಬಂದ ಹಾಗೆ ಬುಡದಿಂದ ಕಳಚಿ ಬಂತು. ಜೇಬಿನ ಚಾಕುವಿನಿಂದ ತುದಿ ಕೊಯ್ದು ನೀರಿನಲ್ಲಿ ಅದ್ದಿ ಹಿಡಿದ. ಕೊಯ್ದ ಕಡೆಯಿಂದ ಬಿಳಿಯ ಎಳೆಯೊಂದು ಹೊರಟು, ತೂಗಾಡುತ್ತ ಲೋಟದ ತಳಕ್ಕೆ ಇಳಿಯಿತು.

"ಹಾಲು" ಎಂದಳು ಅವಳು.

"ಕೀವು. ಸೊರಗು ರೋಗ. ನನ್ನ ಹೊಲ ಪೂರಾ ಮಲಗಿದೆ. ಹೀಲೊದಿಂದ ಕೃಷಿ ಆಫೀಸಿನವರು ಬಂದು ನೋಡಿದ್ರು. ಮದ್ದಿಲ್ಲ. ಮಣ್ಣೊಳಗೆ ಕೂತ್ಕೊಳ್ಳುತ್ತಂತೆ, ವರ್ಷಗಟ್ಟಲೆ."

"ನಿನ್ನ ಹೊಲಕ್ಕೂ ನನ್ನ ಬಚ್ಚಲಿಗೂ ಏನಯ್ಯ ಸಂಬಂಧ?"

"ಶುಂಠಿಯೂ ಇದೂ ಒಂದೇ ಜಾತಿ." ಟೊಕುನಾಗಾ ಗೋಡೆಯ ಮೊಳೆಯ ಕಡೆ ನೋಡಿದ. "ಆವತ್ತು ಕತ್ತಿ ತೊಳೆದಿದ್ಯಾ?"

ಡಿಯೊಲಿಂಡಾಳ ಕೈ ತಾನಾಗಿ ಲಂಗಕ್ಕೆ ಹೋಯಿತು. ಅವಳ ದನಿ ಎಷ್ಟು ಹೊತ್ತು ಕೇಳಿಸಲಿಲ್ಲವೆಂದರೆ, ಎದುರು ಮನೆಯವರು ಏನಾಯಿತೋ ಎಂದು ಗಾಬರಿಯಾಗಿ ಕಿಟಕಿ ತೆರೆದರು.

"ಬಿತ್ತನೆ ನಂದು" ಎಂದ ಟೊಕುನಾಗಾ, ತಲೆ ತಗ್ಗಿಸಿ. "ತಪ್ಪು ನಂದು."

"ಕತ್ತಿ ನಂದು."

"ರಸ್ತೆ ಬದಿ ಕಣಿವೇಲಿ ಇದೇ ಹೂವಿನ ಗಿಡ ಬೇಕಾದಷ್ಟಿದೆ. ತಂದುಕೊಡ್ಲಾ?"

"ನಿಮ್ಮಮ್ಮ ಸತ್ತಾಗ ರಸ್ತೆ ಬದಿಯಿಂದ ಒಬ್ಬಳನ್ನ ತಂದು ಕೂರಿಸಿದ್ರಾ?"

ಅವನು ಲೋಟದ ನೀರು ಚೆಲ್ಲಲು ಎತ್ತಿದವನು, ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಹಿಡಿದುಕೊಂಡೇ ಮನೆಗೆ ಹೋದ.

ಅಂದು ಮಧ್ಯಾಹ್ನವೇ ಅವಳು ತನ್ನ ಜಮಾ ನೋಡಲು ಹೊರಟಳು. ಮೊದಲು ಫಿಲಿಪಿನೊ ಹೆಂಗಸು ಕೊರಜೋನಳ ಮನೆ. ಮೆಳೆ ಇದ್ದ ಜಾಗದಲ್ಲಿ ದೊಡ್ಡ ತಗಡಿನ ಟಬ್ಬು ಬೋರಲು ಹಾಕಿತ್ತು.

"ತುಂಬಾ ದಟ್ಟ ಆಗಿತ್ತು ಆಂಟಿ, ನಾನೇ ಕಡಿದು ಹಾಕ್ದೆ" ಎಂದಳು ಕೊರಜೋನ್, ಅವಳ ಮುಖ ನೋಡದೆ.

"ಟಬ್ಬು ಎತ್ತು."

"ಅದರ ಕೆಳಗೆ ಕೋಳಿ ಕಾವು ಕೂತಿದೆ ಆಂಟಿ."

ಕೋಳಿ ಅಂಗಳದಲ್ಲೇ ಓಡಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

ಮುಂದಿನ ಮನೆಯಲ್ಲಿ ಬೇಲಿಯ ಉದ್ದಕ್ಕೂ ಹಾಸಿಗೆ ಬಟ್ಟೆ ಒಣಹಾಕಿದ್ದರು, ಆ ಮನೆಯಲ್ಲಿ ಅಷ್ಟು ಹಾಸಿಗೆಗಳೇ ಇರಲಿಲ್ಲ. ಅದರಾಚೆಯ ಮನೆಯವರು ಅವಳಿಗೆ ಗೊತ್ತಾಗದಿರಲೆಂದು ರಸ್ತೆ ಬದಿಯ ಕಾಡು ಗಿಡವನ್ನೇ ಕಿತ್ತು ತಂದು ಅದೇ ಗುಂಡಿಗೆ ನೆಟ್ಟಿದ್ದರು. ಅದೂ ಎಲೆ ಮಡಚಿಕೊಂಡು ನಿಂತಿತ್ತು. ಇಡೀ ಕ್ಯಾಂಪು ಅವಳಿಗಿಂತ ಮೊದಲೇ ವಿಷಯ ತಿಳಿದು, ಅವಳಿಗೆ ತಿಳಿಯದ ಹಾಗೆ ನೋಡಿಕೊಂಡಿತ್ತು. ಹೋದಲ್ಲೆಲ್ಲ ಕೈಗೆ ಏನಾದರೂ ತಿನ್ನುವುದು ಇಟ್ಟರು. ಕೈಗಾಡಿ ಇಲ್ಲದೆ ಬಂದಿದ್ದಳು. ಎರಡೂ ತೋಳ ತುಂಬ ಬಾಳೆಗೊನೆ, ಅನ್ನದ ಉಂಡೆ ಹೊತ್ತುಕೊಂಡು ವಾಪಸು ಬಂದವಳು ಬೇಲಿಯ ಹತ್ತಿರ ನಿಂತು ಟೊಕುನಾಗಾನಿಗೆ ಹೇಳಿದಳು, "ಒಬ್ಬರಾದ್ರೂ ಬೈಯಬಾರದಾ?"

ಉಳಿದದ್ದು ಕಾಪುವಾ. ಗಡ್ಡೆಯನ್ನು ಎಂದೂ ಮುಟ್ಟದ ಕಾಪುವಾ. ಅವಳ ಹಟವೇ ಟೂಟು ಮಲಿಯಾಳ ಗಡ್ಡೆಯನ್ನು ಉಳಿಸಿರಬೇಕು. ಡಿಯೊಲಿಂಡಾ ಅಪ್ಪನ ಕತ್ತಿಯನ್ನು ಬಟ್ಟೆ ಒಗೆಯುವ ಹಂಡೆಗೆ ಹಾಕಿ, ಕೆಳಗೆ ಬೆಂಕಿ ಮಾಡಿ ಕುದಿಸಿದಳು. ತಲೆಮಾರಿನ ಕಬ್ಬಿನ ರಸ, ಮಣ್ಣು, ತುಕ್ಕು ಬಿಟ್ಟು ನೀರು ಕಾಫಿಯಾಯಿತು. ಅಲಗು ಮೊದಲ ಬಾರಿ ಹೊಳೆಯಿತು. ಅವಳಿಗೆ ಅದು ಬೇರೆ ಯಾರದೋ ಕತ್ತಿಯಂತೆ ಕಂಡಿತು. ಸಿಹಿ ರೊಟ್ಟಿ ಸುಟ್ಟು, ಬಟ್ಟೆಯಲ್ಲಿ ಸುತ್ತಿಕೊಂಡು ತುದಿ ಮನೆಗೆ ಹೋದಳು.

ಕಾಪುವಾ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಬಾರೇ ಪೋರ್ಚುಗೀಸ್ ರಾಣಿ. ಈ ಸಲ ಗಾಡಿ ಇಲ್ವಾ?"

"ಕೊಡೋಕೆ ಬಂದಿಲ್ಲ ಕಾಪುವಾ. ಕೇಳೋಕೆ ಬಂದೆ."

"ಕೇಳಿಸ್ಲಿಲ್ಲ."

"ಕೇಳಿಸ್ತು ನಿಂಗೆ."

"ಇನ್ನೊಂದ್ಸಲ ಹೇಳು. ನಲವತ್ತು ವರ್ಷದಿಂದ ಕಾದಿದೀನಿ, ಸರಿಯಾಗಿ ಕೇಳಿಸ್ಕೋಬೇಕು."

"ಅತ್ತೆಯ ಗಡ್ಡೆ ನನ್ನ ಕೈಲಿ ಹೋಯ್ತು. ಊರಲ್ಲೆಲ್ಲ ಹೋಯ್ತು. ನಿನ್ನ ಹತ್ರ ಮಾತ್ರ ಇದೆ. ಒಂದು ತುಂಡು ಕೊಡು. ಕಣ್ಣು ಒಂದೇ ಇದ್ರೂ ಸಾಕು." ರೊಟ್ಟಿಯನ್ನು ಮೆಟ್ಟಿಲ ಮೇಲಿಟ್ಟಳು. "ಕತ್ತಿ ಕುದಿಸಿ ತಂದಿದೀನಿ."

ಕಾಪುವಾ ಗೆಲ್ಲುವ ಮುಖ ಮಾಡಿದಳು. ಆದರೆ ಆ ಮುಖ ನಿಲ್ಲಲಿಲ್ಲ. ರೊಟ್ಟಿಯನ್ನು ನೋಡಿದಳು, ಕತ್ತಿಯನ್ನು ನೋಡಿದಳು, ಎದ್ದಳು.

"ಹಿತ್ತಿಲಿಗೆ ಬಾ."

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕಾಪುವಾಳ ಮೆಳೆ ನಿಂತಿತ್ತು. ಎಲೆಗಳು ಚುಟ್ಟಾ ಸುತ್ತಿದ್ದವು.

ಡಿಯೊಲಿಂಡಾ ಹತ್ತಿರ ಹೋಗಿ ಒಂದು ದಂಟು ಎಳೆದಳು. ಕೈಗೆ ಬಂತು.

"ಇದಕ್ಕೆ ಹೇಗೆ ಬಂತು? ನನ್ನ ಗಡ್ಡೆ ನೀನು ಮುಟ್ಟಿದವಳೇ ಅಲ್ಲ."

"ಅಮ್ಮ ಕೊಟ್ಟದ್ದು ಯಾವಾಗ್ಲೋ ಹೋಯ್ತು ಕಣೇ" ಎಂದಳು ಕಾಪುವಾ, ಕಲ್ಲಿನ ಕಡೆ ತಿರುಗಿ. "ಅಣ್ಣ ಟ್ರಕ್ಕಿನ ಹಳೆ ಎಣ್ಣೆ ಇಲ್ಲಿ ಸುರಿದಿದ್ದ, ಗಿರಣಿಯವರ ಕಣ್ಣಿಗೆ ಬೀಳ್ದಿರ್ಲಿ ಅಂತ. ವಾರದಲ್ಲಿ ಸುಟ್ಟು ಹೋಯ್ತು. ಅಮ್ಮ ಇನ್ನೂ ಬದುಕಿದ್ಳು. ಗೊತ್ತಾಗಿದ್ರೆ ಅವನನ್ನೇ ಹೂಳ್ತಿದ್ಳು. ಅದಕ್ಕೆ ಅವನೇ ನಿನ್ನ ಬಚ್ಚಲ ಹಿಂದಿನಿಂದ ಕಿತ್ತು ತಂದು ಇಲ್ಲಿ ನೆಟ್ಟ."

"ಯಾವಾಗ?"

"ನೀನು ಭಾನುವಾರ ಚರ್ಚಿಗೆ ಹೋದಾಗ. ಆಮೇಲೆ ಪ್ರತಿ ವರ್ಷ. ಅವನು ಹೋದ ಮೇಲೆ ನಾನೇ."

"ಅವನಿಗೆ ಭಾನುವಾರ ಭಾನುವಾರ ಬೆನ್ನುನೋವು ಬರ್ತಿತ್ತು. ನಾನು ಬಂದು ಎಣ್ಣೆ ತಿಕ್ತಿದ್ದೆ."

"ಗೊತ್ತು. ಇಲ್ಲಿ ಬಂದು ಹೇಳಿ ನಗ್ತಿದ್ದ."

"ಈ ವರ್ಷ?"

"ಈಸ್ಟರ್ ಭಾನುವಾರ. ನಿನ್ನ ಪಾದ್ರಿ ಅವತ್ತು ಬೇಗ ಬಿಡಲ್ಲ ಅಂತ ದೊಡ್ಡದೇ ತಂದೆ."

ಡಿಯೊಲಿಂಡಾ ಒಗೆಯುವ ಕಲ್ಲಿನ ಮೇಲೆ ಕೂತಳು. ಬೈಯಬೇಕೆಂದು ಬಾಯಿ ತೆರೆದಳು. ಬೇರೆ ಉಳಿದಿದೆ ಎಂದುಕೊಂಡಿದ್ದ ಒಂದೇ ಗಡ್ಡೆಯೂ ತನ್ನದೇ ಆಗಿತ್ತೆಂದು ಬೈಯುವುದು ಹೇಗೆಂದು ತಿಳಿಯಲಿಲ್ಲ. ಇಷ್ಟು ವರ್ಷ ಕಾಪುವಾ ಪೋರ್ಚುಗೀಸ್ ಕೈಯ ಹೂವನ್ನೇ ಅಮ್ಮನ ಹೂವೆಂದು ಮುಡಿದು ತಿರುಗಿದ್ದಳು. ಬೇರೆ ದಿನವಾಗಿದ್ದರೆ ಈ ಒಂದು ಸುದ್ದಿಯನ್ನು ಡಿಯೊಲಿಂಡಾ ಹತ್ತು ವರ್ಷ ಮನೆ ಮನೆಗೂ ಹಂಚುತ್ತಿದ್ದಳು.

ಮೆಳೆಯ ಒಂದು ಅಂಚಿನಲ್ಲಿ ಎರಡು ದಂಟು ಇನ್ನೂ ಹಸಿರಾಗಿದ್ದವು. ಇಬ್ಬರೂ ಅದನ್ನು ಒಟ್ಟಿಗೇ ಕಂಡರು. ಕುದಿಸಿದ ಕತ್ತಿಯಿಂದ ಒಂದು ಗಡ್ಡೆ ಕೊಯ್ದರು. ಕೊಯ್ದ ಮುಖ ಬಿಳಿಯಾಗಿತ್ತು, ಕಂದು ಗೆರೆ ಕಾಣಲಿಲ್ಲ. ಟೊಕುನಾಗಾನನ್ನು ಕೇಳಿದ ತಕ್ಷಣ ಅವನು ಬೆಟ್ಟದ ಮೇಲೆ ಹುಲ್ಲು ಕೂಡ ಹುಟ್ಟದ ಲಾವಾ ಬಯಲಿನಿಂದ ಕರಿ ಜಲ್ಲಿ ತಂದು ಕೊಟ್ಟ. ಹೊಸ ಬಕೆಟ್ಟಿನಲ್ಲಿ ನೆಟ್ಟು, ಕಾಪುವಾಳ ಜಗಲಿಯ ಮೇಲಿಟ್ಟರು. ರೋಗದ ಮಣ್ಣು ತಾಗದಿರಲೆಂದು ಕೆಳಗೆ ಕುರ್ಚಿ ಹಾಕಿದರು. ಆ ಮನೆಯಲ್ಲಿ ಇದ್ದ ಒಳ್ಳೆಯ ಕುರ್ಚಿ ಅದೊಂದೇ.

ದಿನಾ ಬೆಳಿಗ್ಗೆ ಡಿಯೊಲಿಂಡಾ ಬರುತ್ತಿದ್ದಳು. ಕುರ್ಚಿಯಲ್ಲಿ ಬಕೆಟ್ಟು, ಮೆಟ್ಟಿಲಲ್ಲಿ ಇವರಿಬ್ಬರು.

"ನೀರು ಹಾಕಿದ್ಯಾ?"

"ಹಾಕ್ದೆ."

"ಕುದಿಸಿ ಆರಿಸಿದ್ದು ತಾನೇ?"

"ನಾನು ಕುಡಿಯೋದೇ ಹಸಿ ನೀರು. ಇದಕ್ಕೆ ಕುದಿಸಿದ್ದು. ಅಮ್ಮನಿಗೂ ಹೀಗೆ ಮಾಡ್ಲಿಲ್ಲ ನಾನು."

ಜಲ್ಲಿಯ ನಡುವೆ ಕೆಂಪು ಮೂಗಿನ ಮೊಳಕೆಯೊಂದು ಎದ್ದಿತು. ಒಂದು ಎಲೆ ಬಿಚ್ಚಿತು, ಇನ್ನೊಂದು. ಡಿಯೊಲಿಂಡಾ ಸಣ್ಣ ದನಿಯಲ್ಲಿ ಸುಳ್ಳು ಶುರು ಮಾಡಿದಳು. ತಾನು ಬರುವಾಗ ದಾರಿಯಲ್ಲೇ ಪರಿಮಳ ಬಂತೆಂದಳು. ಇನ್ನೊಂದು ವಾರಕ್ಕೆ ಇದು ಜಗಲಿಯ ಮಾಡು ಎತ್ತುತ್ತದೆ, ಈಗಲೇ ಹೆಂಚು ಬಿಚ್ಚಿಡು ಎಂದಳು. ಕಾಪುವಾ ನಗಲಿಲ್ಲ. ಆದರೆ ಮಾರನೇ ದಿನ ಮಾಡಿನ ಕಡೆ ಒಮ್ಮೆ ನೋಡಿದಳು.

ಸೆಪ್ಟೆಂಬರಿನಲ್ಲಿ, ಹೂ ಬಿಡಬೇಕಾದ ಕಾಲಕ್ಕೆ, ಒಂದು ಬೆಳಿಗ್ಗೆ ಡಿಯೊಲಿಂಡಾ ಬಂದಾಗ ಕಾಪುವಾ ಮೆಟ್ಟಿಲ ಮೇಲೆ ಇರಲಿಲ್ಲ. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಎಳೆಯ ಎಲೆ ಉದ್ದಕ್ಕೆ ಮಡಚಿಕೊಂಡಿತ್ತು.

ಯಾರೂ ಎಳೆದು ನೋಡಲು ಹೋಗಲಿಲ್ಲ. ಡಿಯೊಲಿಂಡಾ ಅವಳ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಕಾಪುವಾ ಎರಡು ಬೆರಳಿನಿಂದ ದಂಟನ್ನು ಮೆಲ್ಲನೆ ಎತ್ತಿದಳು. ಅದಕ್ಕೆ ಎಳೆಯುವ ಅಗತ್ಯವೂ ಇರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ, ಹಳೆಯ ದನಿ ತಂದುಕೊಳ್ಳಲು ಪ್ರಯತ್ನಿಸುತ್ತ ಹೇಳಿದಳು:

"ಸಾವಿಲ್ಲ, ಸಾವಿಲ್ಲ ಅಂತ ಊರೆಲ್ಲ ಡಂಗುರ ಹೊಡೀತಿದ್ದೆಯಲ್ಲೇ. ಈಗ ಏನಂತೀಯ?"

ಡಿಯೊಲಿಂಡಾ ಬಕೆಟ್ಟನ್ನು ಕುರ್ಚಿಯಿಂದ ಇಳಿಸಿ, ಜಲ್ಲಿಯನ್ನು ಕೈಯಿಂದ ಸಮ ಮಾಡಿ, ಖಾಲಿಯಾದ ಆ ಕುರ್ಚಿಯಲ್ಲಿ ಕೂತಳು.

"ಅದರ ಪಾಡಿಗೆ ಅದು ಸತ್ತಿದ್ಯೇನೇ? ಅದನ್ನ ಕೊಲ್ಲೋಕೂ ನಾನೇ ಬೇಕಾಯ್ತು."